ಬರ್ತೀನಿ ಅಂದವರು

ನನ್ನ ಓರಗಿತ್ತಿ ಬದುಕಿನ ಬಹುಪಾಲು ಕಳೆದದ್ದು ಒಂದು ಕಿಟಕಿಯ ಹಿಂದೆ, ಬಸ್ ನಿಲ್ದಾಣದ ವಿಚಾರಣೆ ಕಿಟಕಿ. ಗಾಜಿನಲ್ಲಿ ಅಂಗೈಯಗಲದ ತೂತು, ಅದರಾಚೆ ಒಂದು ಮೈಕು, ಒಂದು ಗಡಿಯಾರ, ಕಾಲಿಡಲು ಮರದ ಮಣೆ, ಮತ್ತು ಇವಳು. ಊರಿಗೆಲ್ಲ ಎನ್‌ಕ್ವೈರಿ ಅಕ್ಕ, ನನಗೆ ಬರೀ ಅಕ್ಕ. ಅವಳ ಗಂಡ ನನ್ನ ಗಂಡನ ಅಣ್ಣ. ಭಾವ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಒಂದೇ ಮನೆಯಲ್ಲಿ ಮುಂದಿನ ಕೋಣೆ ಅವಳದ್ದು, ಹಿಂದಿನ ಎರಡು ನಮ್ಮದು, ನಡುವೆ ನನ್ನ ಹೊಲಿಗೆ ಮಿಷನ್ನು.

ಓರಗಿತ್ತಿಯರು ಅಂದಮೇಲೆ ಹಾವು ಮುಂಗುಸಿ ಆಟ ನೋಡಬಹುದು ಅಂತ ಅಕ್ಕಪಕ್ಕದವರು ಆಸೆಯಿಂದ ಕಾದಿದ್ದರು. ಪಾಪ, ಅವರಿಗೆ ನಿರಾಸೆಯಾಯಿತು. ಜಗಳ ಆಡುತ್ತಿರಲಿಲ್ಲ ಅಂತಲ್ಲ, ದಿನಾ ಆಡುತ್ತಿದ್ದೆವು. ಬಕೆಟ್ಟಿಗೆ, ರೇಡಿಯೋ ಸದ್ದಿಗೆ, ಒಗೆದ ಬಟ್ಟೆ ಯಾರು ತೆಗೆಯಬೇಕು ಅನ್ನುವುದಕ್ಕೆ. ಆದರೆ ಅವಳು ಊಟ ಮಾಡದೆ ಮಲಗಿದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ, ಅವಳಿಗೂ ಅಷ್ಟೆ.

ಕಿಟಕಿಯಲ್ಲಿ ಅವಳದ್ದೊಂದು ಹಟವಿತ್ತು. ಬಾರದ ಬಸ್ಸನ್ನು ಬರುತ್ತೆ ಅನ್ನುತ್ತಿರಲಿಲ್ಲ. ಅವಳ ಪಾಳಿ ಮುಗಿದ ಮೇಲೆ ಕೂರುತ್ತಿದ್ದ ಗುಮಾಸ್ತ "ಬರುತ್ತೆ, ಕೂತ್ಕೊಳ್ಳಿ, ಬರುತ್ತೆ" ಅಂತ ಜನರನ್ನು ಕತ್ತಲಾಗುವವರೆಗೂ ಬೆಂಚಿನ ಮೇಲೆ ಕೊಳೆಹಾಕುತ್ತಿದ್ದ. ಇವಳು ಮೈಕಿನಲ್ಲಿ ನೇರವಾಗಿ ಹೇಳಿಬಿಡುತ್ತಿದ್ದಳು: "ಈ ಬಸ್ಸು ಇವತ್ತು ಇಲ್ಲ. ಕಾಯಬೇಡಿ." ಜನ ಬಸ್ಸಿನವರನ್ನು ಬಿಟ್ಟು ಇವಳನ್ನೇ ಬೈಯುತ್ತಿದ್ದರು. ಸ್ವಲ್ಪ ನಯವಾಗಿ ಹೇಳಬಾರದೇನಮ್ಮಾ ಅಂತ ಮೇಲಿನವರು ಕೇಳಿದರೆ, "ನಯವಾಗಿ ಹೇಳಿದ್ರೆ ಬಸ್ ಬರುತ್ತಾ ಸಾರ್?" ಅನ್ನುವಳು.

ನಾನು ತದ್ವಿರುದ್ಧ. ನನ್ನ ಕಸುಬು ಟೈಲರಿಂಗ್: ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು, ಶಾಲೆಯ ಯೂನಿಫಾರಂ. ಬಾಗಿಲಿಗೆ ಬಂದವರಿಗೆಲ್ಲ "ನಾಳೆ ಕೊಡ್ತೀನಿ" ಅನ್ನುವುದು ನನಗೆ ಉಸಿರಾಡಿದಷ್ಟು ಸಲೀಸು. ಅಕ್ಕ ಒಳಗಿನಿಂದಲೇ ಕೂಗುವಳು, "ಯಾವ ವರ್ಷದ ನಾಳೆ ಅಂತ ಕೇಳ್ಕೊಂಡು ಹೋಗಿ!" ಗಿರಾಕಿಗಳ ಮುಂದೆ ಮರ್ಯಾದೆ ತೆಗೆಯುತ್ತಾಳಲ್ಲ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಕಿಟಕಿಯಿಂದಲೇ ಅವಳು ಮಕ್ಕಳನ್ನು ನೋಡಿದ್ದು. ಹದಿಹರೆಯದ ಹುಡುಗ ಹುಡುಗಿಯರು ಸಂಜೆ ನಿಲ್ದಾಣಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ. ಒಬ್ಬನ ಮನೆಯಲ್ಲಿ ಕುಡುಕ ಅಪ್ಪ, ಇನ್ನೊಬ್ಬಳ ಮನೆಯಲ್ಲಿ ಕಾಲು ಚಾಚುವಷ್ಟೂ ಜಾಗವಿಲ್ಲ, ಮತ್ತೊಬ್ಬನಿಗೆ ಮನೆಗೆ ಹೋದರೆ ಮಾತಾಡುವವರೇ ಇಲ್ಲ. ಅಕ್ಕ ಅವರಿವರ ಕೈಕಾಲು ಹಿಡಿದು, ಹಿಂದಿನ ಬೀದಿಯ ನೀರಿನ ಕಚೇರಿಯ ಮಹಡಿ ಮೇಲೆ ಖಾಲಿ ಬಿದ್ದಿದ್ದ ಒಂದು ದೊಡ್ಡ ಕೋಣೆಯನ್ನು ಶನಿವಾರ ಸಂಜೆಗಳಿಗೆ ಗಿಟ್ಟಿಸಿದಳು. ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಟೇಬಲ್ ಟೆನ್ನಿಸ್ ಮೇಜು, ಮಿಣುಕುವ ಟ್ಯೂಬ್‌ಲೈಟು, ಹಗ್ಗ ಕಟ್ಟಿದರೆ ಮಾತ್ರ ಮುಚ್ಚಿಕೊಳ್ಳುವ ಕಿಟಕಿ. ಮಕ್ಕಳು ಬಂದರು. ಈಗ ಅವರ ಜೊತೆ ಕೂರುವ ದೊಡ್ಡವರು ಬೇಕಾಯಿತು.

ಅಂಥವರಿಗೆ ಸರ್ಕಾರಿ ಕಾಗದದಲ್ಲಿ ಸ್ವಯಂಸೇವಕ ಮಾರ್ಗದರ್ಶಕರು ಅಂತ ಹೆಸರು. "ಮಾರ್ಗ ತೋರಿಸೋಕೆ ನಮಗೆಲ್ಲಿ ಗೊತ್ತಿದೆ ಮಾರ್ಗ?" ಅಂತ ಅಕ್ಕ ಅವರನ್ನು ಜೊತೆಯವರು ಅಂತ ಕರೆದಳು. ಜೊತೆಯವರನ್ನು ಅವಳು ಹಿಡಿಯುತ್ತಿದ್ದ ರೀತಿಯೇ ಬೇರೆ. ತಾವಾಗಿ ಮುಂದೆ ಬಂದು ಸೇವೆ ಮಾಡುತ್ತೇನೆ ಅಂದವರಿಗೆ ಟೀ ಕೊಟ್ಟು ಕಳಿಸಿಬಿಡುತ್ತಿದ್ದಳು. ಕಿಟಕಿಗೆ ಬಂದು ಬಸ್ಸಿನ ಸಮಯ ಕೇಳಿ, ಉತ್ತರ ಪೂರ್ತಿ ಆಗುವವರೆಗೂ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡವರ ಮೇಲೆ ಅವಳ ಕಣ್ಣು. ಅಂಥವರು ಬಲು ಕಮ್ಮಿಯಂತೆ. ಸಿಕ್ಕರೆ ಬಿಡುತ್ತಿರಲಿಲ್ಲ, ಕಿಟಕಿ ಬಿಟ್ಟು ಎದ್ದು ಬಸ್ಸಿನ ಬಾಗಿಲವರೆಗೆ ಹೋಗಿ ಗಂಟು ಬೀಳುತ್ತಿದ್ದಳು. ಬೇಕರಿ ಅಂಕಲ್ ಹಾಗೆ ಸಿಕ್ಕಿದ್ದು, ಆಸ್ಪತ್ರೆಯ ನರ್ಸಮ್ಮ ಹಾಗೆ ಸಿಕ್ಕಿದ್ದು, ಬ್ಯಾಂಕಿನ ಹುಡುಗನೂ ಹಾಗೇ ಸಿಕ್ಕಿದ್ದು.

ಹಿಡಿದ ಮೇಲೆ ಪಳಗಿಸುವ ಕೆಲಸ. ಬೇಕರಿ ಅಂಕಲ್ ಮೊದಲ ದಿನವೇ ತಾನು ಬರಿಗೈಯಲ್ಲಿ ಬಂದು ಓವನ್ನಿನ ಯಜಮಾನನಾದ ಕಥೆ ಶುರುಮಾಡಿದರು. ಮಕ್ಕಳು ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡರು. ಅಕ್ಕ ಅವರನ್ನು ಮೆಟ್ಟಿಲ ಹತ್ತಿರ ಕರೆದು, "ಅಂಕಲ್, ಅವ್ರು ನಿಮ್ಮ ಕಥೆಗೆ ಟಿಕೆಟ್ ತಗೊಂಡು ಬಂದಿಲ್ಲ. ಸುಮ್ನೆ ಕೂತ್ಕೊಳ್ಳಿ. ಅವರಾಗೇ ಮಾತಾಡಿಸ್ತಾರೆ," ಅಂದಳು. ಅಂಕಲ್ ಮುಖ ಬನ್ನಿನಂತೆ ಉಬ್ಬಿತು. ಆದರೂ ಮುಂದಿನ ವಾರ ಬಂದರು, ಸುಮ್ಮನೆ ಕೂತರು. ಮೂಲೆಯಲ್ಲಿ ಕೂರುವ ಒಬ್ಬ ಹುಡುಗ ಎಷ್ಟೋ ವಾರಗಳ ಮೇಲೆ ಬಂದು, ಹಿಟ್ಟು ಉಬ್ಬೋದು ಹೇಗೆ ಅಂಕಲ್ ಅಂತ ಕೇಳಿದನಂತೆ. ಆ ದಿನ ಮನೆಗೆ ಬಂದ ಅಕ್ಕನ ಮುಖ ನೋಡಬೇಕಿತ್ತು.

ಬ್ಯಾಂಕಿನ ಹುಡುಗನಿಗೆ ಪಳಗಿಸುವ ಅಗತ್ಯವೇ ಇರಲಿಲ್ಲ. ನಗುಮುಖದವನು. ಮಕ್ಕಳು ಅವನ ಸುತ್ತ ಮುತ್ತಿಕೊಳ್ಳುತ್ತಿದ್ದರು. ಅದರಲ್ಲೂ ಒಬ್ಬಳು, ಯಾರೊಡನೆಯೂ ಬಾಯಿ ಬಿಡದ, ಉಗುರು ಕಚ್ಚುವ ಹುಡುಗಿ, ಅವನ ಹತ್ತಿರ ಮಾತ್ರ ಮಾತಾಡುತ್ತಿದ್ದಳು. ಇಬ್ಬರೂ ಸೇರಿ ರಟ್ಟಿನಲ್ಲಿ ಒಂದು ಸೇತುವೆ ಮಾಡುತ್ತಿದ್ದರು. ಅದು ಅರ್ಧ ಆಗಿತ್ತು. ಅಷ್ಟರಲ್ಲಿ ಅವನಿಗೆ ದೂರದ ಊರಿಗೆ ವರ್ಗವಾಯಿತು. ಕೊನೆಯ ಶನಿವಾರ ಎಲ್ಲರಿಗೂ ಮಿಠಾಯಿ ಹಂಚಿ, ಆ ಹುಡುಗಿಯ ತಲೆ ಮುಟ್ಟಿ, ಎಲ್ಲರೂ ಹೇಳುವಂತೆ "ಬರ್ತೀನಿ" ಅಂದು ಮೆಟ್ಟಿಲಿಳಿದು ಹೋದ.

ನಾವೆಲ್ಲ ಹಾಗೇ ಅಲ್ಲವೇ ಹೇಳುವುದು? ಹೊರಡುವವರು ಯಾರಾದರೂ ಹೋಗ್ತೀನಿ ಅನ್ನುತ್ತಾರೆಯೇ? ಅಂಗಡಿಯಿಂದ ಹೊರಡುವಾಗ ಬರ್ತೀನಿ, ಆಸ್ಪತ್ರೆಯಿಂದ ಹೊರಡುವಾಗ ಬರ್ತೀನಿ. ಇನ್ನು ಜನ್ಮದಲ್ಲಿ ಇತ್ತ ತಲೆ ಹಾಕುವುದಿಲ್ಲ ಅಂತ ಹಲ್ಲು ಕಚ್ಚಿಕೊಂಡು ಹೊರಟವರೂ ಅನ್ನುವುದು ಬರ್ತೀನಿ ಅಂತಲೇ.

ಮುಂದಿನ ಶನಿವಾರ ಮಧ್ಯಾಹ್ನ, ಕೋಣೆ ತೆರೆಯುವ ಮುಂಚೆ, ಆ ಹುಡುಗಿ ಕಿಟಕಿಗೆ ಬಂದು, ಆ ಊರಿನ ಬಸ್ಸು ಎಷ್ಟೊತ್ತಿಗೆ ಬರುತ್ತೆ ಅಂತ ಕೇಳಿದಳು. ಅಕ್ಕ ಸಮಯ ಹೇಳಿದಳು. ಅದರ ಮುಂದಿನ ವಾರವೂ ಬಂದು ಅದನ್ನೇ ಕೇಳಿದಳು. ನೆಂಟರು ಯಾರೋ ಬರುವವರಿರಬೇಕು ಅಂದುಕೊಂಡ ಅಕ್ಕ ಮತ್ತೆ ಸಮಯ ಹೇಳಿದಳು. ಆಮೇಲೊಂದು ಶನಿವಾರ ಕಿಟಕಿಯಿಂದ ನೋಡುತ್ತಾಳೆ, ಆ ಬಸ್ಸು ಬಂದು ನಿಂತಿದೆ, ಜನ ಇಳಿಯುತ್ತಿದ್ದಾರೆ, ಹುಡುಗಿ ರಟ್ಟಿನ ಸೇತುವೆಯನ್ನು ಎದೆಗವಚಿಕೊಂಡು ಇಳಿಯುವವರ ಮುಖ ಒಂದೊಂದಾಗಿ ನೋಡುತ್ತಿದ್ದಾಳೆ. ಅಕ್ಕ ಕಿಟಕಿ ಬಿಟ್ಟು ಓಡಿದಳು.

"ಅವ್ರು ಬರಲ್ಲ ಪುಟ್ಟಾ."

"ಬರ್ತೀನಿ ಅಂದಿದಾರೆ."

"ಅದು ಮಾತಿಗೆ ಅನ್ನೋದು ಕಣಮ್ಮಾ."

ಹುಡುಗಿ ಅಕ್ಕನ ಮುಖ ನೋಡಿದಳಂತೆ. ಬೆಂಚಿನ ಮೇಲೆ ಸೇತುವೆ ಇಟ್ಟು ಹೊರಟುಹೋದಳು. ಕೋಣೆಗೆ ಮತ್ತೆ ಕಾಲಿಡಲಿಲ್ಲ. ಸ್ವಲ್ಪ ದಿನಕ್ಕೆ ಶಾಲೆಯನ್ನೂ ಬಿಟ್ಟಳು ಅಂತ ಗೊತ್ತಾಯಿತು. ಅಕ್ಕ ಅವಳ ಮನೆ ಹುಡುಕಿಕೊಂಡು ಹೋದರೆ ಬಾಗಿಲಲ್ಲೇ "ಅವಳಿಗೆ ಪುರುಸೊತ್ತಿಲ್ಲ" ಅಂದರು. ಎಷ್ಟೋ ವರ್ಷದ ಮೇಲೆ ಬಟ್ಟೆ ಅಂಗಡಿಯೊಂದರಲ್ಲಿ ಅವಳನ್ನು ನೋಡಿದೆವು, ನಾವಿಬ್ಬರೂ ಲೈನಿಂಗ್ ಬಟ್ಟೆ ತರಲು ಹೋದಾಗ. ಕೌಂಟರಿನಲ್ಲಿ ನಿಂತಿದ್ದಳು, ಉಗುರು ಕಚ್ಚುವುದು ಬಿಟ್ಟಿರಲಿಲ್ಲ. ಅಕ್ಕ ಮಾತಾಡಿಸಿದಳು. ಅವಳು ನಮ್ಮನ್ನು ಮೊದಲ ಸಲ ನೋಡುವವಳಂತೆ ಬಟ್ಟೆ ಅಳೆದು, ಕತ್ತರಿಸಿ, ಮಡಿಸಿ ಕೊಟ್ಟಳು.

ಆ ಸೇತುವೆ ಬೆಂಚಿನ ಮೇಲೆ ಉಳಿದ ವಾರವೇ ಅಕ್ಕ ಕೋಣೆಗೊಂದು ಕಾನೂನು ಮಾಡಿದ್ದಳು. ಮತ್ತೆ ಬರುವವರು ಮಾತ್ರ ಬರ್ತೀನಿ ಅನ್ನಬೇಕು, ಯಾವತ್ತು ಅಂತಲೂ ಹೇಳಬೇಕು. ಇನ್ನು ಬರದವರು ಮಕ್ಕಳೆದುರು ನಿಂತು, ಬಾಯಿಬಿಟ್ಟು, ಹೋಗ್ತೀನಿ ಅನ್ನಬೇಕು.

ಕೇಳಿದ ಕೂಡಲೇ ನಾನು ಮಿಷನ್ನು ನಿಲ್ಲಿಸಿದೆ. "ಅಕ್ಕಾ, ಬಿಡ್ತು ಅನ್ನು! ಅದು ಸಾಯೋರು ಆಡೋ ಮಾತು."

"ಸಾಯೋರು ನಿಜ ಹೇಳ್ತಾರೆ ಅಂತಾಯ್ತು," ಅಂದಳು.

"ತಲೆ ಕೆಟ್ಟಿದೆ ನಿಂಗೆ. ಒಬ್ಬ ನರಪಿಳ್ಳೆ ಬರಲ್ಲ ನೋಡ್ತಿರು."

ನಿಜಕ್ಕೂ ಬಹಳ ಜನ ಬರಲಿಲ್ಲ. ಹೊಸಬರನ್ನು ಅವಳು ಮೊದಲ ಸಂಜೆ ಬೆಂಚಿನ ಮೇಲೆ ಕೂರಿಸಿ, ಎಲ್ಲಿ, ಒಮ್ಮೆ ಹೇಳಿ ನೋಡೋಣ ಅನ್ನುತ್ತಿದ್ದಳು. ಎತ್ತರದ ಆಳುಗಳು, ಆಫೀಸಿನಲ್ಲಿ ಹತ್ತು ಜನರನ್ನು ನಡುಗಿಸುವವರು, ಆ ಒಂದು ಮಾತಿಗೆ ತಡವರಿಸುತ್ತಿದ್ದರು. ಒಬ್ಬರು "ಹೋ... ಹೋಗಿ ಬರ್ತೀನಿ" ಅಂದು ಬೆವರು ಒರೆಸಿಕೊಂಡರು. ಒಬ್ಬಾಕೆ ಅಪಶಕುನ ಅಂತ ಚಪ್ಪಲಿ ಮೆಟ್ಟಿ ಹೊರಟೇಹೋದರು. ಹೋಗುವಾಗ ಅವರೂ ಬರ್ತೀನಿ ಅಂದರು ಅಂತ ಹೇಳಿ ಅಕ್ಕ ನಕ್ಕಳು, ನಾನೂ ನಕ್ಕೆ. ಜೊತೆಯವರಿಲ್ಲದೆ ಎಷ್ಟೋ ಶನಿವಾರ ಅವಳೊಬ್ಬಳೇ ಆ ಕೋಣೆಯಲ್ಲಿ ಎಲ್ಲರನ್ನೂ ಸಂಭಾಳಿಸಿದಳು, ಸೋತು ಸುಣ್ಣವಾಗಿ ಮನೆಗೆ ಬಂದಳು.

ಉಳಿದವರು ಮಾತ್ರ ಗಟ್ಟಿಯಾಗಿ ಉಳಿದರು. ನರ್ಸಮ್ಮನಿಗೆ ಬೇರೆ ಕಡೆ ಕೆಲಸವಾದಾಗ ಮಕ್ಕಳೆದುರು ನಿಂತು, "ನಾನಿನ್ನು ಬರಲ್ಲ. ಹೋಗ್ತೀನಿ," ಅಂದರು. ಮಕ್ಕಳು ಅತ್ತರು, ಒಬ್ಬ ಸಿಟ್ಟಿನಿಂದ ಬ್ಯಾಟು ಬಿಸಾಡಿದ. ಆದರೆ ಯಾರೂ ಅವರಿಗಾಗಿ ಬಾಗಿಲು ನೋಡುತ್ತ ಕೂರಲಿಲ್ಲ.

ನನ್ನನ್ನು ಅವಳು ಒಮ್ಮೆಯೂ ಕರೆಯಲಿಲ್ಲ. ಊರವರನ್ನೆಲ್ಲ ಹಿಡಿದು ತಂದವಳು ಪಕ್ಕದ ಕೋಣೆಯವಳನ್ನು ಬಾ ಅನ್ನಲಿಲ್ಲ. ಕರೆದಿದ್ದರೆ ನಾನು ಹೋಗುತ್ತಿರಲಿಲ್ಲ, ಅದು ಬೇರೆ ಮಾತು. ಒಮ್ಮೆ ಕೇಳಿಯೇಬಿಟ್ಟೆ, ಯಾಕೆ ಅಂತ. "ನಿನ್ನ ನಾಳೆಗಳ್ನ ಆ ಮಕ್ಕಳು ತಡ್ಕೊಳ್ಳಲ್ಲ ಕಣೇ," ಅಂದಳು. ನನಗೆ ಚುರುಕ್ ಅಂದಿತು. ನಿನ್ನ ಕೋಣೆಯೂ ಬೇಡ, ನಿನ್ನ ಮಕ್ಕಳೂ ಬೇಡ ಅಂತ ಎರಡು ದಿನ ಮುಖ ತಿರುಗಿಸಿಕೊಂಡು ಓಡಾಡಿದೆ.

ನಿವೃತ್ತಿಯಾದ ಮೇಲೆ ಅವಳಿಗೆ ಆ ಕೋಣೆಯೇ ಸರ್ವಸ್ವವಾಯಿತು. ಹೊಟ್ಟೆನೋವು ಅಂತ ಆಗಾಗ ಅನ್ನುತ್ತಿದ್ದಳು. ಮಾತ್ರೆ ನುಂಗಿ ಹೋಗಿಬಿಡುತ್ತಿದ್ದಳು. ಕೊನೆಗೆ ನಾನೇ ಬೈದು ಆಸ್ಪತ್ರೆಗೆ ಕರೆದೊಯ್ದೆ. ಹೊಟ್ಟೆಯಲ್ಲಿ ಗಂಟು, ಅದು ಆಗಲೇ ಬೇರೆ ಕಡೆಗೂ ಹಬ್ಬಿತ್ತು. ಡಾಕ್ಟರು ಮೇಜಿನ ಮೇಲಿನ ಪೆನ್ನು ಆ ಕಡೆ ಈ ಕಡೆ ಇಡುತ್ತ, ನೋಡೋಣ, ಪ್ರಯತ್ನ ಮಾಡೋಣ ಅನ್ನುತ್ತಿದ್ದರು.

"ಡಾಕ್ಟ್ರೇ, ಬಸ್ ಇದೆಯೋ ಇಲ್ವೋ ಅಷ್ಟು ಹೇಳಿ," ಅಂದಳು ಅಕ್ಕ.

ಅವರು ಪೆನ್ನು ಕೆಳಗಿಟ್ಟರು. "ಇಲ್ಲ ಅಮ್ಮಾ," ಅಂದರು.

"ಥ್ಯಾಂಕ್ಸ್," ಅಂದು ಎದ್ದಳು. ಹೊರಗೆ ಬಂದು ನಾನು ಗೋಡೆ ಹಿಡಿದು ಅತ್ತೆ. ಅವಳು ನನ್ನ ಕೈಚೀಲ ಹಿಡಿದುಕೊಂಡು ನಿಂತಿದ್ದಳು.

ಅವಳಿಗೆ ಸಾಯುವ ಚಿಂತೆಗಿಂತ ಶನಿವಾರದ ಚಿಂತೆ. ತಾನು ಹೋದ ಮೇಲೆ ಆ ಜಾಗಕ್ಕೆ ಯಾರು? ಬೇಕರಿ ಅಂಕಲ್‌ಗೆ ಮಂಡಿ ಹಿಡಿದಿದೆ, ಮೆಟ್ಟಿಲು ಹತ್ತುವುದೇ ಕಷ್ಟ. ಇನ್ನೊಬ್ಬರು ಸಿಗದಿದ್ದರೆ ಕೋಣೆಯನ್ನು ವಾಪಸು ತೆಗೆದುಕೊಳ್ಳುತ್ತೇವೆ ಅಂತ ನೀರಿನ ಕಚೇರಿಯವರು ಹೇಳಿಯಾಗಿತ್ತು. ಅದೊಂದು ಕಡೆ. ಇನ್ನೊಂದು ಕಡೆ, ಮಕ್ಕಳಿಗೆ ಹೇಳಬೇಕು. ತಾನೇ ಹೇಳಬೇಕು. ಮುಂದಿನ ಕೋಣೆಯಲ್ಲಿ ಅವಳು ಅಭ್ಯಾಸ ಮಾಡುವುದು ನನಗೆ ಮಿಷನ್ನಿನ ಸದ್ದಿನ ನಡುವೆಯೂ ಕೇಳುತ್ತಿತ್ತು. "ಮಕ್ಕಳೇ, ನಾನಿನ್ನು ಬರಲ್ಲ. ಹೋಗ್ತೀನಿ." ಕೇಳಬಾರದು ಅಂತ ನಾನು ಪೆಡಲ್ಲು ಜೋರಾಗಿ ತುಳಿಯುತ್ತಿದ್ದೆ.

ಆ ಶನಿವಾರ ಆಟೊದಲ್ಲಿ ಕರೆದುಕೊಂಡು ಹೋದೆ. ಇಬ್ಬರು ಹುಡುಗರು ಕುರ್ಚಿಯಲ್ಲಿ ಕೂರಿಸಿ ಮೇಲೆ ಎತ್ತಿಕೊಂಡು ಹೋದರು. ನಾನು ಆ ಕೋಣೆಗೆ ಕಾಲಿಟ್ಟಿದ್ದು ಅದೇ ಮೊದಲು. ಮಕ್ಕಳು ಆಟ ನಿಲ್ಲಿಸಿ ಸುತ್ತ ನಿಂತರು. ಅವಳ ಕುತ್ತಿಗೆಯ ಮೂಳೆ ನೋಡಿಯೇ ಅವರಿಗೆ ಅರ್ಥವಾಗಿತ್ತು ಅಂತ ಕಾಣುತ್ತದೆ. ಅವರಲ್ಲೊಬ್ಬಳಿಗೆ "ಯಾಕೆ" ಅಂತಲೇ ಅಡ್ಡಹೆಸರು, ಎಲ್ಲದಕ್ಕೂ ಯಾಕೆ ಅಂತ ಕೇಳುವುದರಿಂದ. ಗಿಡ್ಡ ಹುಡುಗಿ, ದಪ್ಪ ಕನ್ನಡಕ. ಅವಳು ಮುಂದೆ ಬಂದು ಕುರ್ಚಿಯ ತೋಳು ಹಿಡಿದು ನಿಂತಳು.

ಅಕ್ಕ ಎದ್ದು ನಿಂತಳು. "ಮಕ್ಕಳೇ," ಅಂದಳು. ಮತ್ತೆ "ಮಕ್ಕಳೇ" ಅಂದಳು.

"ಮುಂದಿನ ಶನಿವಾರ ಬರ್ತೀರಾ ಅಕ್ಕಾ?" ಅಂತ ಆ ಹುಡುಗಿ ಕೇಳಿದಳು.

ಅಕ್ಕ ಅವಳನ್ನು ನೋಡಿದಳು. "ಬರ್ತೀನಿ," ಅಂದಳು.

ಅಷ್ಟೇ. ಆಟೊದಲ್ಲಿ ಕೂತ ಮೇಲೆ ಅವಳು ಸೆರಗು ಮುಖಕ್ಕೆ ಒತ್ತಿಕೊಂಡಳು. "ಬಾಯಿಗೆ ಬರ್ಲಿಲ್ಲ ಕಣೇ," ಅಂದಳು. "ಅಷ್ಟು ಜನರ ಬಾಯಲ್ಲಿ ಬಲವಂತವಾಗಿ ಹೇಳಿಸ್ದೆ, ನನ್ನ ಬಾಯಿಗೇ ಬರ್ಲಿಲ್ಲ. ಈಗ ಆ ಮಗು ಕಾಯುತ್ತೆ." ನಾನು ಸಮಾಧಾನ ಮಾಡಲು ಹೋದೆ. ಅವಳು ಕೈ ಕೊಡವಿದಳು. ಅವಳು ಅಳುವುದನ್ನು ನಾನು ನೋಡಿದ್ದು ಭಾವ ಹೋದಾಗ ಒಮ್ಮೆ, ಈಗ ಒಮ್ಮೆ.

ಮುಂದಿನ ಶನಿವಾರ ಅವಳಿಗೆ ಹಾಸಿಗೆಯಲ್ಲಿ ಪಕ್ಕ ತಿರುಗಲೂ ಆಗುತ್ತಿರಲಿಲ್ಲ. ಮಧ್ಯಾಹ್ನ ನನ್ನನ್ನು ಕರೆದಳು.

"ನೀನು ಹೋಗಿ ಹೇಳಿ ಬಾ."

"ನಾನಾ? ಬೇಕರಿ ಅಂಕಲ್‌ಗೆ ಫೋನ್ ಮಾಡಿದ್ರಾಯ್ತು. ನಂಗೆ ಯೂನಿಫಾರಂ ರಾಶಿ ಬಿದ್ದಿದೆ."

"ನಾಳೆ ಕೊಡ್ತೀನಿ ಅಂದಿರ್ತೀಯಲ್ಲ, ಬಿದ್ದಿರ್ಲಿ. ಹೋಗು. ಅಕ್ಕ ಇನ್ನು ಬರಲ್ಲ ಅನ್ನು. ಬರ್ತೀನಿ ಅಂದಿದ್ದು ಸುಳ್ಳು, ಅವಳಿಗೆ ಧೈರ್ಯ ಸಾಲಲಿಲ್ಲ ಅನ್ನು. ಅದನ್ನೂ ಹೇಳ್ಬೇಕು."

ಗೊಣಗಿಕೊಂಡೇ ಹೋದೆ. ಮಕ್ಕಳು ಆಗಲೇ ಸೇರಿದ್ದರು. ಬಾಗಿಲಿಗೆ ಎದುರಾಗಿ ಅಕ್ಕನ ಕುರ್ಚಿ ಹಾಕಿ, ಅದರ ಮೇಲೆ ಯಾರೋ ತಮ್ಮ ಸ್ವೆಟರ್ ಮಡಚಿ ಇಟ್ಟಿದ್ದರು, ಮೆತ್ತಗಿರಲಿ ಅಂತ. ನಾನು ನಿಂತಲ್ಲೇ ಹೇಳಿದೆ, ಅಕ್ಕ ಹೇಳಿಕೊಟ್ಟಂತೆಯೇ, ಸುಳ್ಳಿನ ಮಾತನ್ನೂ ಬಿಡದೆ. ಯಾಕೆ ಅಂತ ಕೇಳುವ ಹುಡುಗಿ ಕೂಡ ಕೇಳಲಿಲ್ಲ. ಅವಳು ಹೋಗಿ ಆ ಸ್ವೆಟರ್ ತೆಗೆದು, ಮಡಿಕೆ ಬಿಚ್ಚಿ, ಹಾಕಿಕೊಂಡಳು. ಅದರ ಮೊಣಕೈ ಬಳಿ ಹೊಲಿಗೆ ಬಿಟ್ಟಿತ್ತು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ತಿರುಗಿ ಚಪ್ಪಲಿ ಮೆಟ್ಟುತ್ತ, ದಿನಕ್ಕೆ ಇಪ್ಪತ್ತು ಸಲ ಅನ್ನುವ ಹಾಗೆ, "ಸರಿ, ಬರ್ತೀನಿ," ಅಂದುಬಿಟ್ಟೆ.

"ಯಾವತ್ತು?" ಅಂತ ಹಿಂದಿನಿಂದ ಕೇಳಿಸಿತು.

ನಾನು ತಿರುಗಿದೆ. ಅಯ್ಯೋ, ಮಾತಿಗೆ ಅಂದೆ ಕಣಮ್ಮಾ ಅನ್ನಬೇಕು. ಅದು ನಾಲಿಗೆ ತುದಿಯಲ್ಲೇ ಇತ್ತು. ಅವಳು ಕನ್ನಡಕ ಮೇಲಕ್ಕೆ ತಳ್ಳಿ ನನ್ನನ್ನೇ ನೋಡುತ್ತಿದ್ದಳು, ಆಸೆಯಿಂದಲ್ಲ. ಇವಳೂ ಹಾಗೆಯೋ ಅಂತ ತಿಳಿದುಕೊಳ್ಳಲು ನೋಡುತ್ತಿದ್ದಳು.

"ಮುಂದಿನ ಶನಿವಾರ," ಅಂದೆ. "ಆ ಸ್ವೆಟರ್ ಹೊಲಿದು ಕೊಡ್ತೀನಿ. ಸೂಜಿ ದಾರ ತರ್ತೀನಿ."

ಮನೆಗೆ ಬಂದರೆ ಅಕ್ಕ ಕಣ್ಣು ಬಿಟ್ಟುಕೊಂಡೇ ಕಾದಿದ್ದಳು. ಹೇಳಿದ್ಯಾ ಅಂದಳು. ಹೇಳಿದೆ ಅಂದೆ. "ಹೊರಡೋವಾಗ ಏನಂದೆ?" ಅಂದಳು.

ನಾನು ಅವಳ ಹೊದಿಕೆ ಸರಿಮಾಡತೊಡಗಿದೆ. ಅವಳಿಗೆ ಗೊತ್ತಾಯಿತು. ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. "ಟೈಲರಮ್ಮನ ಶನಿವಾರ," ಅಂದಳು. "ಯಾವ ವರ್ಷದ್ದು?"

"ಬೇಕಂತ್ಲೇ ಕಳಿಸಿದ್ಯಾ ನನ್ನ?" ಅಂತ ಕೇಳಿದೆ.

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯೋ ನಾಟಕವೋ ದೇವರೇ ಬಲ್ಲ.

ಆ ವಾರ ಗುರುವಾರ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಅವಳ ಮುಖ ಒರೆಸುತ್ತಿದ್ದೆ. ನನ್ನ ಮುಂಗೈ ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ, ಕೈ ಬರೀ ನನ್ನ ಕೈ ಮೇಲೆ ಕೂತಿತ್ತು.

"ಹೋಗ್ತೀನಿ ಕಣೇ," ಅಂದಳು.

ಬಿಡ್ತು ಅನ್ನು ಅಂತ ಗಂಟಲವರೆಗೂ ಬಂತು. ನುಂಗಿಕೊಂಡೆ.

"ಹೂಂ ಅಕ್ಕಾ," ಅಂದೆ.

ಶುಕ್ರವಾರ ಸಂಜೆ ಎಲ್ಲ ಮುಗಿಯಿತು. ಶನಿವಾರ ಬೆಳಿಗ್ಗೆ ಸಂಸ್ಕಾರ ಮುಗಿಸಿ ಬಂದ ಮೇಲೂ ಮನೆ ತುಂಬ ನೆಂಟರು, ಅಂಗಳದ ತುಂಬ ಚಪ್ಪಲಿ. ಅಕ್ಕನ ಕೋಣೆಯಲ್ಲಿ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದ್ದರು. ನಾನು ಮಿಷನ್ನಿನ ಡ್ರಾಯರಿನಿಂದ ಸೂಜಿಯ ಡಬ್ಬಿ ತೆಗೆದುಕೊಂಡೆ. ಸ್ವೆಟರಿನ ಬಣ್ಣ ನೆನಪಿತ್ತು, ಆ ಬಣ್ಣದ ಉಣ್ಣೆ ದಾರ ಹುಡುಕಿದೆ. ಡಬ್ಬಿ ಜಾರಿ ಬಿದ್ದು ಸೂಜಿಗಳೆಲ್ಲ ಚೆಲ್ಲಿದವು. ಒಂದೊಂದಾಗಿ ಆರಿಸಿಕೊಂಡೆ. ಬಾಗಿಲಲ್ಲಿ ನನ್ನ ಗಂಡನ ಅಕ್ಕ ಅಡ್ಡ ನಿಂತರು.

"ಎಲ್ಲಿಗೆ ಹೊರಟೆ? ನಿನ್ನೆ ತಾನೇ ಸಾವಾಗಿದೆ ಮನೇಲಿ. ಜನ ಏನಂತಾರೆ? ಒಂದು ವಾರ ತಡ್ಕೊಳ್ಳೋಕೆ ಆಗಲ್ವಾ ನಿಂಗೆ?"

"ಇಲ್ಲ ಅತ್ತಿಗೆ," ಅಂದೆ. "ಬರ್ತೀನಿ ಅಂದಿದೀನಿ."